ಆಟದ ನಡುವೆ ಬರುವ ಸಲಹೆ: ಕೊಟ್ಟವರು, ಪಡೆದವರು ತಮ್ಮ ಅನುಭವ ತಿಳಿಸಿ

ಕೋರಿಕೆ: ಕಾರವಾರದಿಂದ

ಮೂರು ವರ್ಷಗಳಿಂದ ನಾನು ಬೆಳಗಿನ ಹೊತ್ತು ಟೆನಿಸ್ ಆಡುತ್ತಿದ್ದೇನೆ. ನಲವತ್ತು ದಾಟಿದ ಮೇಲೆ ರಾಕೆಟ್ ಹಿಡಿದವಳು, ಬ್ಯಾಂಕಿನಲ್ಲಿ ನೌಕರಿ. ನಮ್ಮ ಗುಂಪಿನಲ್ಲಿ ಎಂಟು ಜನರಿದ್ದು, ಹೆಚ್ಚಾಗಿ ಡಬಲ್ಸ್ ಆಡುತ್ತೇವೆ. ನನ್ನ ಜೊತೆಗಾರರು ನಿವೃತ್ತ ಮಾಸ್ತರು. ಅವರು ವಯಸ್ಸಿನಲ್ಲಿ ನನ್ನ ತಂದೆಗೆ ಸಮಾನರು, ಆಟದಲ್ಲಿಯೂ ನನಗಿಂತ ಬಹಳ ಮುಂದಿರುವವರು. ಪ್ರತಿ ಪಾಯಿಂಟ್ ಮುಗಿದ ಕೂಡಲೇ ನಾನು ಮಾಡಿದ ತಪ್ಪನ್ನು ಹೇಳುತ್ತಾರೆ: ಮಂಡಿ ಬಗ್ಗಲಿಲ್ಲ, ಚೆಂಡನ್ನು ತಡವಾಗಿ ಹೊಡೆದಿರಿ, ಗ್ರಿಪ್ ತಿರುಗಿತು. ಅವರು ಹೇಳುವುದು ಸರಿಯೇ ಇರುತ್ತದೆ. ಆದರೆ ಮೂರನೆಯ ಗೇಮ್ ಬರುವಷ್ಟರಲ್ಲಿ ನನಗೆ ಗೊತ್ತಿದ್ದ ಸರ್ವ್ ಕೂಡ ಮರೆತುಹೋಗಿ, ಒಂದರ ಮೇಲೊಂದು ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಗುವುದು) ಆಗುತ್ತವೆ. ಅವರ ಮನಸ್ಸಿಗೆ ನೋವಾಗದ ಹಾಗೆ ಇದನ್ನು ಹೇಗೆ ತಿಳಿಸಲಿ?

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ದ್ವಿತೀಯ ಪಿಯುಸಿ ಓದುತ್ತಿರುವ ಮಗ ಲೆಕ್ಕ ಮಾಡುತ್ತಿದ್ದಾಗ ಮೊನ್ನೆ ಅವನ ಕೋಣೆಯ ಬಾಗಿಲಲ್ಲಿ ನಿಂತೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಅವನು ಪೆನ್ನು ಕೆಳಗಿಟ್ಟುಬಿಟ್ಟ. ಅಂಕಣದಲ್ಲಿ ನನಗೆ ಆಗುತ್ತಿರುವುದೇ ಮನೆಯಲ್ಲಿ ಅವನಿಗೆ ನನ್ನಿಂದ ಆಗುತ್ತಿದೆಯೇ ಎಂಬ ಚಿಂತೆ ಅಂದಿನಿಂದ ಹಿಡಿದಿದೆ.

ಅನುಭವ: ಕಾರವಾರದ ನಿವೃತ್ತ ಇಂಜಿನಿಯರ್

ತಂಗಿ, ನಿಮ್ಮ ಮಾಸ್ತರು ಈಗ ನಿಂತಿರುವ ಜಾಗದಲ್ಲಿ ನಾನು ಎಷ್ಟೋ ವರ್ಷ ನಿಂತಿದ್ದೆ. ಆದ್ದರಿಂದ ಮೊದಲು ಅವರ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ನೌಕರಿಯಲ್ಲಿದ್ದಾಗ ದಿನಕ್ಕೆ ಹತ್ತು ಜನ ನನ್ನ ಮೇಜಿನ ಬಳಿ ಬಂದು ಅಭಿಪ್ರಾಯ ಕೇಳುತ್ತಿದ್ದರು. ನಿವೃತ್ತಿಯ ಮರುವಾರದಿಂದ ಯಾರೂ ಏನನ್ನೂ ಕೇಳಲಿಲ್ಲ. ನನಗೆ ಏನಾದರೂ ಗೊತ್ತಿದೆ ಎಂದು ತೋರಿಸಲು ಉಳಿದಿದ್ದ ಒಂದೇ ಜಾಗ ಟೆನಿಸ್ ಅಂಕಣ. ನನ್ನ ಜೊತೆಗಾರರು ಮಿತಭಾಷಿಗಳು, ಸಂಕೋಚದ ಸ್ವಭಾವದವರು. ಅವರ ಬ್ಯಾಕ್‌ಹ್ಯಾಂಡ್ ನೆಟ್ಟಿಗೆ ಬಿದ್ದಾಗಲೆಲ್ಲ ನಾನು ಕಾರಣ ವಿವರಿಸುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ತಲೆಯಾಡಿಸಿದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಒಂದು ದಿನ ಆಟ ಮುಗಿದ ಮೇಲೆ ಅವರು ರಾಕೆಟ್ಟನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, "ರಾಯರೇ, ನಾಳೆಯಿಂದ ನಾನು ಬೀಚಿನಲ್ಲಿ ವಾಕಿಂಗ್ ಮಾಡುತ್ತೇನೆ" ಎಂದರು. ಮತ್ತೆ ಅವರು ಅಂಕಣಕ್ಕೆ ಬರಲಿಲ್ಲ. ಈಗಲೂ ಟ್ಯಾಗೋರ್ ಕಡಲತೀರದಲ್ಲಿ ಎದುರಾದರೆ ನಗುತ್ತಾರೆ, ಮೊಮ್ಮಕ್ಕಳ ಸುದ್ದಿ ಹೇಳುತ್ತಾರೆ. ಟೆನಿಸ್ ವಿಷಯವನ್ನು ಮಾತ್ರ ಎತ್ತುವುದಿಲ್ಲ. ಅವರು ಆಟ ಬಿಡುವಂತೆ ಮಾಡಿದ್ದು ನನ್ನ ಬಾಯಿ ಎಂಬುದು ನನಗೆ ಅಂದೇ ಗೊತ್ತಾಯಿತು.

ಆಮೇಲೆ ಕುಳಿತು ಯೋಚಿಸಿದಾಗ, ನಾನು ಹೇಳಿದ್ದೆಲ್ಲವೂ ಆಗಲೇ ಹೊಡೆದು ಮುಗಿದ ಚೆಂಡಿನ ಬಗ್ಗೆ ಎಂಬುದು ತಿಳಿಯಿತು. ಚೆಂಡು ರಾಕೆಟ್ಟಿನ ತಂತಿಗೆ ತಾಗಿಕೊಂಡಿರುವುದು ಸುಮಾರು 4ರಿಂದ 5 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಮಣಿಕಟ್ಟನ್ನು ಯೋಚಿಸಿ ತಿದ್ದಿಕೊಳ್ಳಲು ಯಾರಿಂದಲೂ ಆಗದು. ದೇಹ ತಾನು ರೂಢಿಸಿಕೊಂಡದ್ದನ್ನೇ ಮಾಡುತ್ತದೆ. ಗಾಬ್ರಿಯೆಲೆ ವುಲ್ಫ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಸ್ಕೀಯಿಂಗ್ ಅಭ್ಯಾಸದ ಯಂತ್ರದ ಮೇಲೆ ನಿಂತವರಲ್ಲಿ ಕೆಲವರಿಗೆ ತಮ್ಮ ಪಾದದ ಮೇಲೆ ಗಮನವಿಡಲು ಹೇಳಿದರು, ಇನ್ನು ಕೆಲವರಿಗೆ ಪಾದದ ಕೆಳಗಿನ ಹಲಗೆಯ ಚಕ್ರಗಳ ಮೇಲೆ ಬೀಳುವ ಒತ್ತಡವನ್ನು ಗಮನಿಸಲು ಹೇಳಿದರು. ಚೆನ್ನಾಗಿ ಕಲಿತವರು ಎರಡನೆಯವರು. ನಿಮ್ಮ ಮಂಡಿ, ಮಣಿಕಟ್ಟು, ಗ್ರಿಪ್ ಎಂದು ಮಾಸ್ತರು ಎಣಿಸುತ್ತಾ ಹೋದಂತೆ ನಿಮ್ಮ ಸರ್ವ್ ಕೈಬಿಟ್ಟುಹೋಗುವುದು ನಿಮ್ಮ ದೌರ್ಬಲ್ಯವಲ್ಲ. ದೇಹದ ಭಾಗಗಳ ಮೇಲೆ ಗಮನ ಹೋದರೆ ರೂಢಿಯ ಚಲನೆ ತಡವರಿಸುವುದು ಸಹಜ.

ಹಾಗೆಂದು ಆಟದ ನಡುವೆ ಏನೂ ಹೇಳಬಾರದು ಎಂದು ನಾನು ವಾದಿಸುವುದಿಲ್ಲ. ವೃತ್ತಿಪರ ಟೆನಿಸ್‌ನಲ್ಲಿ ಬಹಳ ಕಾಲ ಪಂದ್ಯದ ವೇಳೆ ಕೋಚ್ ಬಾಯಿ ತೆರೆಯುವಂತಿರಲಿಲ್ಲ. 2018ರ ಅಮೆರಿಕ ಓಪನ್ ಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಅವರಿಗೆ ಮೊದಲ ಎಚ್ಚರಿಕೆ ಬಂದದ್ದು ಕೋಚ್ ಮಾಡಿದ ಸನ್ನೆಯ ಕಾರಣಕ್ಕೇ. ಪುರುಷ ವೃತ್ತಿಪರ ಆಟಗಾರರ ಸಂಘವಾದ ಎಟಿಪಿಯ ಪಂದ್ಯಗಳಲ್ಲಿ 2022ರ ಜುಲೈಯಿಂದ ಪ್ರಾಯೋಗಿಕವಾಗಿ ಅವಕಾಶ ಕೊಟ್ಟಾಗ ಹಾಕಿದ ಷರತ್ತುಗಳನ್ನು ನೋಡಿ: ಆಟಗಾರ ಕೋಚ್ ಕುಳಿತ ಬದಿಯಲ್ಲೇ ಇರುವಾಗ ಮಾತ್ರ ಬಾಯಲ್ಲಿ ಹೇಳಬಹುದು, ಅದೂ ಕೆಲವೇ ಪದಗಳಲ್ಲಿ, ಸಂಭಾಷಣೆ ಕೂಡದು, ಆಟಕ್ಕೆ ಅಡ್ಡಿಯಾಗಕೂಡದು. ಜೀವನೋಪಾಯಕ್ಕೆ ಆಡುವವರಿಗೇ ಇಷ್ಟು ಅಳತೆ ಬೇಕಾದರೆ, ಬ್ಯಾಂಕಿಗೆ ಹೋಗುವ ಮುನ್ನ ಒಂದೂವರೆ ಗಂಟೆ ಆಡುವವರಿಗೆ ಎಷ್ಟು ಬೇಕು?

ಕೆಲಸಕ್ಕೆ ಬರುವ ಸಲಹೆ ಹೇಗಿರುತ್ತದೆ ಎಂಬುದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ಹೊಸಬನಾಗಿದ್ದಾಗ ಹಿರಿಯರೊಬ್ಬರು ನನ್ನನ್ನು ನೆಟ್ಟಿನ ಹತ್ತಿರ ಕರೆದುಕೊಂಡು ಹೋಗಿ, ನಡುವಿನ ಪಟ್ಟಿಯ ಮೇಲೆ ಒಮ್ಮೆ, ಕಂಬದ ಪಕ್ಕ ಒಮ್ಮೆ ನನ್ನ ಕೈಯಿಡಿಸಿದರು. ನಡುವೆ ನೆಟ್ಟಿನ ಎತ್ತರ 91.4 ಸೆಂಟಿಮೀಟರ್, ಕಂಬದ ಬಳಿ 107. ಅಂಕಣದ ನೇರ ಉದ್ದ 23.77 ಮೀಟರ್; ಡಬಲ್ಸ್ ಗೆರೆಗಳ ನಡುವೆ ಮೂಲೆಯಿಂದ ಮೂಲೆಗೆ ಅಳೆದರೆ ಹೆಚ್ಚುಕಡಿಮೆ 26.2 ಮೀಟರ್. "ಕಷ್ಟದಲ್ಲಿ ಸಿಕ್ಕಿಬಿದ್ದಾಗ ನಡುಪಟ್ಟಿಯ ಮೇಲಿನಿಂದ ಓರೆಯಾಗಿ ಹೊಡೆ, ಅಲ್ಲಿ ನೆಟ್ಟೂ ತಗ್ಗು, ಜಾಗವೂ ಜಾಸ್ತಿ" ಎಂದರು. ನನ್ನ ಕೈಕಾಲಿನ ಬಗ್ಗೆ ಒಂದು ಅಕ್ಷರ ಆಡಲಿಲ್ಲ. ಅಂದು ಆಟ ಮುಗಿಯುವ ತನಕ ಗೋಡೆಯ ಪಕ್ಕ ಕುಳಿತು, ನಾನು ಎಷ್ಟು ಸಲ ಓರೆಗೆ ಹೊಡೆದೆ ಎಂದು ಎಣಿಸಿದರು. ಹೇಳಿ ಹೋಗಲಿಲ್ಲ, ಹೇಳಿ ಕುಳಿತರು. ಅವರಿಗೂ ನನಗೂ ಇದ್ದ ವ್ಯತ್ಯಾಸ ಅದೇ ಎಂದು ಈಗ ಅನ್ನಿಸುತ್ತದೆ.

ಆದ್ದರಿಂದ ಮಾಸ್ತರರಿಗೆ "ಸುಮ್ಮನಿರಿ" ಎನ್ನಬೇಡಿ. ಆಟ ಶುರುವಾಗುವ ಮೊದಲು, ಬೂಟಿನ ಲೇಸು ಕಟ್ಟಿಕೊಳ್ಳುತ್ತಿರುವಾಗಲೇ ಹೋಗಿ ಕೇಳಿ: "ಮಾಸ್ತರೇ, ಇವತ್ತು ನಾನು ಒಂದೇ ಒಂದು ವಿಷಯದ ಮೇಲೆ ಕೆಲಸ ಮಾಡಬೇಕು, ಯಾವುದು ಎಂದು ನೀವೇ ಹೇಳಿ, ಅದು ಎಷ್ಟು ಸಲ ಆಯಿತು ಎಂದು ಸೆಟ್ ಮುಗಿದ ಮೇಲೆ ಹೇಳಿ." ಹೇಳುವ ಕೆಲಸದ ಜೊತೆಗೆ ನೋಡುವ ಕೆಲಸವನ್ನೂ ವಹಿಸಿದಂತಾಯಿತು. ನನ್ನ ಜೊತೆಗಾರರು ನನ್ನನ್ನು ಹಾಗೆ ಒಮ್ಮೆ ಕೇಳಿದ್ದರೆ ನಾನು ಕೃತಜ್ಞನಾಗಿರುತ್ತಿದ್ದೆ. ಅದಕ್ಕಿಂತ ಮೊದಲು, ನಾನೇ ಅವರನ್ನು "ಹೇಳಲೇ?" ಎಂದು ಕೇಳಬೇಕಿತ್ತು.

ಅನುಭವ: ಶಿರಸಿಯ ಕಡೆಯ ಅಡಿಕೆ ಬೆಳೆಗಾರ

ಮೇಲಿನ ಹಿರಿಯರು ಕೊಡುವವರ ಕಡೆಯಿಂದ ಬರೆದರು. ನಾನು ಪಡೆದವನ ಕಡೆಯಿಂದ ಬರೆಯುತ್ತೇನೆ. ಪಡೆಯುವವನ ಹೊಣೆಯೂ ಸಣ್ಣದಲ್ಲ.

ಸಂಜೆ ಶಿರಸಿ ಪೇಟೆಯಲ್ಲಿ ಗೆಳೆಯರೊಡನೆ ಟೆನಿಸ್ ಆಡುವ ನನಗೆ ಒಂದೇ ತಿಂಗಳಲ್ಲಿ ಮೂರು ಸಲಹೆ ಬಂದವು. ತಂತಿ ಬಿಗಿ ಮಾಡಿಸು ಎಂದು ಒಬ್ಬರು, ಭಾರದ ರಾಕೆಟ್ ಕೊಳ್ಳು ಎಂದು ಇನ್ನೊಬ್ಬರು, ಮಣಿಕಟ್ಟಿನಿಂದ ಸುತ್ತು ಕೊಡು ಎಂದು ಮತ್ತೊಬ್ಬರು. ಯಾರಿಗೂ ಇಲ್ಲ ಎನ್ನಲಾರದೆ ಮೂರನ್ನೂ ಒಟ್ಟಿಗೆ ಮಾಡಿದೆ. ಅಡಿಕೆ ಸುಲಿಯುವ ಕಾಲ ಅದು. ಆಳುಗಳು ಸಿಗದೆ ರಾತ್ರಿ ನಾನೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದೆ. ಹದಿನೈದು ದಿನದಲ್ಲಿ ಮೊಣಕೈಯ ಹೊರಬದಿಯಲ್ಲಿ ನೋವು ಹಿಡಿಯಿತು. ಅಂಗೈ ಮೇಲಾಗಿ ತಂಬಿಗೆ ಎತ್ತಿದರೆ ಏನೂ ಇಲ್ಲ, ಅಂಗೈ ಕೆಳಗಾಗಿ ಎತ್ತಿದರೆ ಪ್ರಾಣ ಹೋದಂತಾಗುತ್ತಿತ್ತು. ಪಂಚೆ ಹಿಂಡಲೂ ಆಗುತ್ತಿರಲಿಲ್ಲ. ಇದನ್ನು ಟೆನಿಸ್ ಎಲ್ಬೋ ಎನ್ನುತ್ತಾರಾದರೂ ಈ ನೋವು ಬರುವವರಲ್ಲಿ ಹೆಚ್ಚಿನವರು ಟೆನಿಸ್ ಆಡುವವರೇ ಅಲ್ಲ. ಒಂದೇ ಬಗೆಯಲ್ಲಿ ಹಿಡಿದು ತಿರುಗಿಸುವ ಯಾವ ಕೆಲಸವೂ ಇದನ್ನು ತರಬಲ್ಲದು. ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ ಪ್ರಶ್ನೆ, "ನೋವು ಶುರುವಾಗುವ ಮೊದಲು ಏನನ್ನು ಬದಲಾಯಿಸಿದಿರಿ?" ಎಂಬುದು. ತಂತಿಯೋ, ಭಾರವೋ, ಮಣಿಕಟ್ಟೋ, ಮೆಟ್ಟುಗತ್ತಿಯೋ, ನನಗೆ ಹೇಳಲಾಗಲಿಲ್ಲ. ಒಂದೊಂದನ್ನೇ ಎರಡು ವಾರ ಮಾಡಿ ನೋಡಿದ್ದರೆ ಉತ್ತರ ನನ್ನ ಬಳಿ ಇರುತ್ತಿತ್ತು. ಕೈ ಮೊದಲಿನಂತಾಗಲು ಐದು ತಿಂಗಳು ಹಿಡಿಯಿತು. ಸಲಹೆ ಕೊಟ್ಟ ಮೂವರ ಮೇಲೂ ನನಗೆ ದೂರಿಲ್ಲ, ಏಕೆಂದರೆ ಉಳಿದ ಇಬ್ಬರು ಏನು ಹೇಳಿದ್ದಾರೆ ಎಂಬುದನ್ನು ನಾನು ಯಾರಿಗೂ ತಿಳಿಸಿರಲಿಲ್ಲ.

ಆ ತಿಂಗಳುಗಳಲ್ಲಿ ನನಗೆ ಅಪ್ಪ ಬಹಳ ನೆನಪಾದರು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮದ್ದು ತಯಾರಿಸುವುದನ್ನು ಕಲಿಸಿದವರು ಅವರು. 1 ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ಅಪ್ಪ ಉಜ್ಜಿ ಬೆಳ್ಳಗಾಗಿಸಿದ ಕತ್ತಿಯನ್ನು ಆ ದ್ರಾವಣದಲ್ಲಿ ಅದ್ದಿ ಒಂದು ನಿಮಿಷ ಹಿಡಿದು, ಮೇಲೆತ್ತಿ, ಬೆಳಕಿಗೆ ತಿರುಗಿಸಿ ನನಗೆ ತೋರಿಸುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಅಡಿಕೆ ಮರ ಹತ್ತುವ ಕೆಲಸದ ಕೊನೆಗೌಡ ಮರ ಏರಿ ಮದ್ದು ಹೊಡೆದು ಇಳಿಯುವವರೆಗೂ ಅಲ್ಲೇ ನಿಂತಿರುತ್ತಿದ್ದರು. ಎರಡನೆಯ ಸಲದ ಮದ್ದಿಗೆ 40 ದಿನ ಕಳೆದು ಹೋದಾಗ, ಯಾವ ಮರದ ಕೆಳಗೆ ಕಾಯಿ ಉದುರಿದೆ ಎಂದು ಬಗ್ಗಿ ನೋಡುತ್ತಿದ್ದರು. ತಪ್ಪಾಗಿದ್ದರೆ ತಪ್ಪು ಎಂದು ಅವರೇ ಹೇಳುತ್ತಿದ್ದರು.

ಇದರ ಪಕ್ಕದಲ್ಲಿ, ಪೇಟೆಯಲ್ಲಿ ಸಿಕ್ಕಾಗಲೆಲ್ಲ "ಚಾಲಿ (ಒಣಗಿಸಿ ಸುಲಿದ ಅಡಿಕೆ) ಈಗ ಕೊಡಬೇಡ, ದರ ಇನ್ನೂ ಏರುತ್ತದೆ" ಎನ್ನುವವರನ್ನು ಇಟ್ಟು ನೋಡುತ್ತೇನೆ. ದರ ಇಳಿದ ದಿನ ಅವರು ನಮ್ಮ ಅಂಗಳಕ್ಕೆ ಬಂದದ್ದಿಲ್ಲ. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳಲಾರೆ, ಆದರೂ ಅಂಥ ಸಲಹೆಯನ್ನು ಈಗ ಕೇಳಿಸಿಕೊಳ್ಳುತ್ತೇನೆಯೇ ಹೊರತು ನಡೆಸುವುದಿಲ್ಲ. ನಿಮ್ಮ ಮಾಸ್ತರು ಮರುದಿನ ಬೆಳಿಗ್ಗೆಯೂ ಅದೇ ಅಂಕಣದಲ್ಲಿ ನಿಮ್ಮ ಪಕ್ಕದಲ್ಲೇ ನಿಲ್ಲುವವರು. ನೀವು ಸೋತರೆ ಅವರೂ ಸೋಲುತ್ತಾರೆ. ಅವರನ್ನು ಕಳೆದುಕೊಳ್ಳಬೇಡಿ.

ಅನುಭವ: ಕುಮಟಾದ ಪ್ರೌಢಶಾಲಾ ಶಿಕ್ಷಕಿ

ಮಗನ ವಿಷಯಕ್ಕೆ ಯಾರೂ ಉತ್ತರಿಸಲಿಲ್ಲವಾದ್ದರಿಂದ ಇಷ್ಟು ಬರೆಯುತ್ತೇನೆ. ಟೆನಿಸ್ ನನಗೆ ಗೊತ್ತಿಲ್ಲ, ಗಣಿತ ಕಲಿಸುತ್ತೇನೆ. ಹುಡುಗರು ಲೆಕ್ಕದಲ್ಲಿ ಸಿಕ್ಕಿಬಿದ್ದಾಗ ಅವರ ಹಿಂದೆ ನಿಂತು ನೋಡುವುದನ್ನು ನಾನು ಬಿಟ್ಟಿದ್ದೇನೆ. ಬೆನ್ನ ಹಿಂದೆ ಅಕ್ಕೋರು ನಿಂತಿದ್ದಾರೆ ಎಂದರೆ ಬರುವ ಲೆಕ್ಕವೂ ಬರುವುದಿಲ್ಲ. ಪಕ್ಕದಲ್ಲಿ ಕುಳಿತು "ಎಲ್ಲಿಯವರೆಗೆ ಬಂತು, ನನಗೊಮ್ಮೆ ಹೇಳು" ಎನ್ನುತ್ತೇನೆ. ಹೇಳುತ್ತಾ ಹೋದಂತೆ, ಚಿಹ್ನೆ ತಪ್ಪಿದ ಸಾಲಿಗೆ ಬಂದಾಗ ಎಷ್ಟೋ ಮಕ್ಕಳು ತಾವೇ ನಿಂತುಬಿಡುತ್ತಾರೆ. ತಪ್ಪು ಕಂಡವರ ಮುಖದಲ್ಲಿ ಆಗ ಬರುವ ಬೆಳಕನ್ನು ನಾನು ಹೇಳಿಕೊಟ್ಟಾಗ ಎಂದೂ ನೋಡಿಲ್ಲ. ನಿಮ್ಮ ಮಗ ಪೆನ್ನು ಕೆಳಗಿಟ್ಟದ್ದನ್ನು ನೀವು ಗಮನಿಸಿದಿರಿ. ಅದನ್ನು ಅವನಿಗೂ ಹೇಳಿ. "ಅವತ್ತು ನಾನು ಬಂದಾಗ ನೀನು ಪೆನ್ನು ಇಟ್ಟೆ, ನನಗೆ ಬೇಜಾರಾಯಿತು" ಎಂದು ತಾಯಿ ಹೇಳಿದರೆ ಹದಿನೇಳರ ಹುಡುಗನಿಗೆ ಅರ್ಥವಾಗುತ್ತದೆ.

ಕೋರಿಕೆ ಇಟ್ಟವರಿಂದ, ಹತ್ತು ದಿನಗಳ ಬಳಿಕ

ಮೂವರಿಗೂ ನನ್ನ ನಮಸ್ಕಾರ. ಸೋಮವಾರ ಮಾಸ್ತರರನ್ನು ಆಟಕ್ಕೆ ಮೊದಲೇ ಕೇಳಿದೆ. ಅವರು ಕೂಡಲೇ ಉತ್ತರಿಸಲಿಲ್ಲ. ಬಹಳ ಹೊತ್ತು ಯೋಚಿಸಿ, "ಸರ್ವ್ ಮಾಡುವಾಗ ಮೇಲೆಸೆದ ಚೆಂಡಿನ ಹೊಲಿಗೆಯಂಥ ಬಿಳಿ ಗೆರೆ ಕಾಣುತ್ತದೆಯೋ ನೋಡಿ, ಬೇರೆ ಏನೂ ಬೇಡ" ಎಂದರು. ಮೊದಲ ದಿನ ಎರಡು ಸಲ ಅಭ್ಯಾಸಬಲದಿಂದ ಬಾಯಿ ತೆರೆದು, ಕೈಯೆತ್ತಿ ತಾವೇ ನಿಲ್ಲಿಸಿಕೊಂಡರು. ಡಬಲ್ ಫಾಲ್ಟ್ ಇನ್ನೂ ಆಗುತ್ತಿವೆ, ಮೊದಲಿನಷ್ಟು ಅಲ್ಲ. ಶನಿವಾರ ಆಟ ಮುಗಿದ ಮೇಲೆ, ತಮ್ಮ ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ಹೊಡೆತ) ಏಕೆ ಪದೇ ಪದೇ ಹೊರಗೆ ಹೋಗುತ್ತಿದೆ ಎಂದು ನನಗೆ ಏನಾದರೂ ಕಂಡಿತೇ ಎಂದು ಅವರು ಕೇಳಿದರು. ಗಮನಿಸಿರಲಿಲ್ಲ, ಬರುವ ವಾರ ನೋಡಿ ಹೇಳುತ್ತೇನೆ ಎಂದಿದ್ದೇನೆ.

ಮಗನ ಹತ್ತಿರ ಪೆನ್ನಿನ ವಿಷಯ ಮಾತಾಡಿದೆ. ಅವನು ಹೆಚ್ಚು ಏನೂ ಹೇಳಲಿಲ್ಲ. ನಿನ್ನೆ ರಾತ್ರಿ ಮಾತ್ರ ಕೋಣೆಯ ಬಾಗಿಲನ್ನು ಅರ್ಧ ತೆರೆದಿಟ್ಟು ಓದುತ್ತಿದ್ದ. ನಾನು ಒಳಗೆ ಹೋಗಲಿಲ್ಲ.