ಪಿಐಸಿಯುನಲ್ಲಿ (ಮಕ್ಕಳ ಐಸಿಯು) ಇರುವ ಮಗುವನ್ನು ‘ಸ್ಟಡಿ’ಗೆ ಸೇರಿಸೋಕೆ ಸಹಿ ಕೇಳ್ತಿದ್ದಾರೆ, ಹಾಕಬಹುದಾ?

ಅರಸೀಕೆರೆ_ಮಾವ:

ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿರುವವರು ದಯವಿಟ್ಟು ಹೇಳಿ. ನನ್ನ ಅಕ್ಕನ ಮಗಳು, 14 ತಿಂಗಳು. ನ್ಯುಮೋನಿಯಾ ಆಗಿ ಇವತ್ತು ಬೆಳಗಿನ ಜಾವ ಊರಿನಿಂದ ಬೆಂಗಳೂರಿಗೆ ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಬಂದೆವು. ಮಧ್ಯಾಹ್ನ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಿದ್ದಾರೆ. ಅದಕ್ಕೂ ಒಂದು ಸಹಿ ಮಾಡಿಸಿಕೊಂಡರು, ಭಾವ ಓದದೇ ಹಾಕಿದರು, ಆ ಹೊತ್ತಿನಲ್ಲಿ ಯಾರು ಓದುತ್ತಾರೆ ಹೇಳಿ.

ಈಗ ಒಂದು ಗಂಟೆ ಹಿಂದೆ ಇನ್ನೊಬ್ಬರು ಡಾಕ್ಟರ್ ಬಂದು ಆರು ಪುಟದ ಫಾರ್ಮ್ ಕೊಟ್ಟರು. ಕನ್ನಡದಲ್ಲೇ ಇದೆ, ಆದರೆ ಎಂಥ ಕನ್ನಡ ಅಂದರೆ ಇಂಗ್ಲಿಷೇ ವಾಸಿ. ನನಗೆ ತಿಳಿದಿದ್ದು ಇಷ್ಟು. ವೆಂಟಿಲೇಟರ್‌ನಲ್ಲಿರುವ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡ್ತಾರೆ. ಒಂದು ಗುಂಪಿಗೆ ಸ್ಯಾಚುರೇಶನ್ (ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟಿದೆ ಅನ್ನೋ ಲೆಕ್ಕ) 94ರ ಮೇಲೆ ಇರುವ ಹಾಗೆ ಆಕ್ಸಿಜನ್ ಕೊಡ್ತಾರೆ, ಇನ್ನೊಂದಕ್ಕೆ 88ರಿಂದ 92 ಇದ್ದರೂ ಸಾಕು ಅಂತ ಬಿಡ್ತಾರೆ. ಕೋವಿಡ್ ಟೈಮಲ್ಲಿ 94ಕ್ಕಿಂತ ಕಡಿಮೆ ಬಂದರೆ ಆಸ್ಪತ್ರೆಗೆ ಓಡಿ ಅಂತ ಇದೇ ಡಾಕ್ಟರುಗಳು ಹೇಳ್ತಿದ್ದರು ಅಲ್ವಾ? ಈಗ 88 ಸಾಕು ಅಂದರೆ ಹೇಗೆ ನಂಬೋದು?

ಅಮ್ಮ ಊರಿಂದ ಫೋನ್ ಮಾಡಿ ‘ನಮ್ಮ ಮಗೂನ ಇಲಿ ಮಾಡ್ತಾರಾ’ ಅಂತ ಅಳ್ತಿದ್ದಾರೆ. ಭಾವ ‘ಇಲ್ಲ ಅಂದರೆ ಸರಿಯಾಗಿ ನೋಡ್ಕೊಳ್ಳಲ್ವೇನೋ’ ಅಂತ ಹೆದರಿದ್ದಾರೆ. ಹತ್ತು ಗಂಟೆಯೊಳಗೆ ಹೇಳಬೇಕಂತೆ.

ರಾತ್ರಿಪಾಳಿ_ಸಿಸ್ಟರ್:

ನಾನು ಹನ್ನೊಂದು ವರ್ಷದಿಂದ ಪಿಐಸಿಯುನಲ್ಲಿ ಕೆಲಸ ಮಾಡ್ತಿದ್ದೇನೆ. ಮೊದಲು ಭಾವನಿಗೆ ಹೇಳಿ, ಬೇಡ ಅಂದರೂ ಮಗುವನ್ನು ಹಾಗೇ ನೋಡಿಕೊಳ್ಳುತ್ತೇವೆ. ಬೇಡ ಅಂದವರು ಯಾರು ಅಂತ ನೆನಪಿಟ್ಟುಕೊಳ್ಳೋಕೆ ನಮಗೆ ಪುರುಸೊತ್ತೂ ಇರಲ್ಲ.

ಇನ್ನು ಆ ನಂಬರ್ ವಿಷಯ. ಮಗುವಿನ ಕಾಲ್ಬೆರಳಿಗೆ ಟೇಪ್ ಸುತ್ತಿ ಕೆಂಪು ಲೈಟ್ ಇರುವ ಪ್ರೋಬ್ ಹಾಕಿರ್ತಾರೆ, ನೋಡಿರ್ತೀರಿ. ಮಗು ಕಾಲು ಆಡಿಸಿದರೆ ಸಾಕು, 97 ಇದ್ದದ್ದು 76 ಆಗಿ ಅಲಾರಾಂ ಹೊಡೆಯುತ್ತೆ. ಅಪ್ಪ ಅಮ್ಮ ಕಿರುಚುತ್ತಾರೆ. ನಾವು ಮೊದಲು ನೋಡೋದು ನಂಬರನ್ನಲ್ಲ, ಪಕ್ಕದ ಅಲೆ ಸರಿಯಾಗಿ ಬರ್ತಿದೆಯಾ ಅಂತ, ಆಮೇಲೆ ಮಗುವಿನ ಮುಖ. ಟ್ಯೂಬಿಂದ ಕಫ ಎಳೆಯುವಾಗಲೂ ಇಳಿಯುತ್ತೆ, ಮತ್ತೆ ಏರುತ್ತೆ. ಆದರೆ ಒಂದು ನಿಜ ಹೇಳ್ತೀನಿ, ಮಾನಿಟರ್ 90 ತೋರಿಸಿದರೆ ನಮ್ಮ ಕೈ ತಾನಾಗಿಯೇ ಆಕ್ಸಿಜನ್ ಜಾಸ್ತಿ ಮಾಡೋಕೆ ಹೋಗುತ್ತೆ. ಇಳಿಸೋದಕ್ಕೆ ಮಾತ್ರ ಯಾರ ಕೈಯೂ ಬೇಗ ಹೋಗಲ್ಲ.

ಟ್ರೈನಿಂಗಲ್ಲಿ ಒಂದು ಕಥೆ ಹೇಳಿದ್ದರು. 1940ರ ದಶಕದ ಕೊನೆಯಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಆರ್ನಾಲ್ ಪಾಟ್ಜ್ ಅನ್ನುವ ಕಣ್ಣಿನ ಡಾಕ್ಟರ್‌ಗೆ ಒಂದು ಅನುಮಾನ ಬಂತು. ದಿನ ತುಂಬದೆ ಹುಟ್ಟಿದ ಮಕ್ಕಳು ಕುರುಡಾಗುತ್ತಿರುವುದು ಇನ್‌ಕ್ಯುಬೇಟರ್‌ಗೆ ಬಿಡುತ್ತಿದ್ದ ಆಕ್ಸಿಜನ್‌ನಿಂದಲೇ ಇರಬಹುದು ಅಂತ. ಕೆಲವು ಮಕ್ಕಳಿಗೆ ಕಡಿಮೆ ಕೊಟ್ಟು ನೋಡಿದರು. ರಾತ್ರಿ ಪಾಳಿಯ ನರ್ಸ್‌ಗಳು, ಅಯ್ಯೋ ಕೂಸು ಸತ್ತೇ ಹೋಗುತ್ತೆ ಅಂತ, ಕದ್ದು ಆಕ್ಸಿಜನ್ ಆನ್ ಮಾಡ್ತಿದ್ದರಂತೆ! ನಾನಿದ್ದರೂ ಅದನ್ನೇ ಮಾಡ್ತಿದ್ದೆ. ಆದರೆ ಪಾಟ್ಜ್ ಹೇಳಿದ್ದೇ ಸರಿಯಾಗಿತ್ತು. ಆಮೇಲೆ 1953–54ರಲ್ಲಿ 18 ಆಸ್ಪತ್ರೆಗಳು ಸೇರಿ ಮಾಡಿದ ದೊಡ್ಡ ಸ್ಟಡಿಯಲ್ಲೂ ಅದೇ ಬಂತು. ಅಷ್ಟರಲ್ಲಿ ಪ್ರಪಂಚದಲ್ಲಿ ಸುಮಾರು 10,000 ಮಕ್ಕಳ ಕಣ್ಣು ಹೋಗಿತ್ತು.

ಸುಮ್ನೆ_ಒಂದು_ಮಾತು:

ಸಿಸ್ಟರ್ ಹೇಳಿದ ಕಥೆ ಪೂರ್ತಿ ಅಲ್ಲ. ಕಣ್ಣು ಹೋಗುತ್ತೆ ಅಂತ ಎಲ್ಲರೂ ಆಕ್ಸಿಜನ್ ಬಿಗಿ ಮಾಡಿದರು, ಆಗ ಉಸಿರಿಲ್ಲದೆ ಸತ್ತ ಮಕ್ಕಳ ಸಂಖ್ಯೆ ಏರಿತು. ಅದನ್ನೂ ಹೇಳಬೇಕಲ್ವಾ?

ಇನ್ನೊಂದು. ಅಮೆರಿಕದ ‘ಸಪೋರ್ಟ್’ ಸ್ಟಡಿ ಅಂತ ಹುಡುಕಿ ನೋಡಿ. 24ರಿಂದ 27 ವಾರಕ್ಕೆ ಹುಟ್ಟಿದ 1316 ಮಕ್ಕಳು. ಒಂದು ಗುಂಪಿಗೆ 85–89, ಇನ್ನೊಂದಕ್ಕೆ 91–95. ಯಾವ ಮಗು ಯಾವ ಗುಂಪು ಅಂತ ಗೊತ್ತಾಗಬಾರದು ಅಂತ ಮೀಟರ್‌ಗಳೇ ತಪ್ಪು ನಂಬರ್ ತೋರಿಸುವ ಹಾಗೆ ಮಾಡಿದ್ದರು! 2010ರಲ್ಲಿ ರಿಸಲ್ಟ್ ಬಂತು. ಕಡಿಮೆ ಗುಂಪಿನಲ್ಲಿ ಕಣ್ಣಿನ ತೊಂದರೆ ಕಡಿಮೆ, ಆದರೆ ಸತ್ತ ಮಕ್ಕಳು ಜಾಸ್ತಿ, ನೂರಕ್ಕೆ 19.9. ಇನ್ನೊಂದರಲ್ಲಿ 16.2. 2013ರಲ್ಲಿ ಅಲ್ಲಿನ ಸರ್ಕಾರದ ಕಚೇರಿಯೇ, ಅಪ್ಪ ಅಮ್ಮಂದಿರಿಗೆ ಕೊಟ್ಟ ಫಾರ್ಮ್‌ನಲ್ಲಿ ಕಣ್ಣು ಹೋಗಬಹುದು, ಪ್ರಾಣ ಹೋಗಬಹುದು ಅನ್ನೋದನ್ನ ಸರಿಯಾಗಿ ಬರೆದಿರಲಿಲ್ಲ ಅಂತ ಹೇಳಿತು. ಆ ದೇಶದಲ್ಲೇ ಹೀಗೆ. ಸಹಿ ಹಾಕಬೇಡಿ ಅಂತ ಹೇಳ್ತಿಲ್ಲ, ‘ಏನೂ ಆಗಲ್ಲ ಬಿಡಿ’ ಅಂತ ಯಾರಾದರೂ ಅಂದರೆ ಮಾತ್ರ ನಂಬಬೇಡಿ.

ಮಕ್ಕಳ_ಡಾಕ್ಟ್ರು_ಹುಬ್ಬಳ್ಳಿ:

ಮೇಲಿನವರು ಬರೆದಿದ್ದು ಸರಿ ಇದೆ, ಸಪೋರ್ಟ್ ಬಗ್ಗೆ ಡಾಕ್ಟರುಗಳಲ್ಲೇ ದೊಡ್ಡ ಜಗಳ ಆಯ್ತು. ಆದರೆ ಅವು ಒಂದು ಕೇಜಿಯ ಆಸುಪಾಸಿನ ಕೂಸುಗಳು. 14 ತಿಂಗಳ ಮಗುವಿಗೆ ಆ ಲೆಕ್ಕ ಹಾಕೋಕೆ ಬರಲ್ಲ.

ನಿಮ್ಮ ಮಗುವಿನ ವಯಸ್ಸಿನವರನ್ನೂ ಸೇರಿಸಿಕೊಂಡ ಸ್ಟಡಿ ಬ್ರಿಟನ್ನಿನಲ್ಲಿ ಆಗಿದೆ, ‘ಆಕ್ಸಿ ಪಿಐಸಿಯು’ ಅಂತ ಹೆಸರು. ಅಲ್ಲಿನ 15 ಪಿಐಸಿಯುಗಳಲ್ಲಿ 2040 ಮಕ್ಕಳು, ರಿಸಲ್ಟ್ 2023ರ ಕೊನೆಯಲ್ಲಿ ಬಂತು. ನಿಮ್ಮ ಫಾರ್ಮ್‌ನಲ್ಲಿರುವ ನಂಬರುಗಳೇ ಅಲ್ಲೂ ಇದ್ದವು, 88–92 ಮತ್ತು 94ರ ಮೇಲೆ. ಕಡಿಮೆ ಗುಂಪಿನ ಮಕ್ಕಳ ಗತಿ ಸ್ವಲ್ಪ ಮೇಲಾಗಿಯೇ ಇತ್ತು. ಸ್ವಲ್ಪ ಅಷ್ಟೇ, ಪವಾಡ ಏನಲ್ಲ. ಆಕ್ಸಿಜನ್ ಜಾಸ್ತಿಯಾದರೂ ಶ್ವಾಸಕೋಶಕ್ಕೆ ಪೆಟ್ಟು ಬೀಳುತ್ತೆ, ಅದಕ್ಕೇ ಈ ಹುಡುಕಾಟ. ಮನೆಯಲ್ಲಿ ಯಾವ ಆಸರೆಯೂ ಇಲ್ಲದೆ 90ಕ್ಕೆ ಇಳಿಯೋದು ಬೇರೆ, ವೆಂಟಿಲೇಟರ್ ಮೇಲೆ ಕಣ್ಣೆದುರೇ 90ರಲ್ಲಿ ಇಡೋದು ಬೇರೆ, ಕೋವಿಡ್ ಮಾತು ಇಲ್ಲಿಗೆ ಹೊಂದಲ್ಲ. ಅಂದಹಾಗೆ ಅಲ್ಲಿ ಮಗುವನ್ನು ಮೊದಲು ಸೇರಿಸಿ ಆಮೇಲೆ ಅಪ್ಪ ಅಮ್ಮನ ಒಪ್ಪಿಗೆ ಕೇಳಿದರು, ಯಾಕಂದರೆ ಟ್ಯೂಬ್ ಹಾಕಿದ ಕೆಲವೇ ಗಂಟೆಯೊಳಗೆ ಶುರು ಮಾಡಬೇಕಿತ್ತು. ನಿಮ್ಮನ್ನು ಮುಂಚೆಯೇ ಕೇಳಿದ್ದಾರಲ್ಲ, ಒಳ್ಳೆಯದೇ.

ಬ್ರಿಟನ್ನಲ್ಲಿ ಆಗಿದ್ದ ಮೇಲೆ ಇಲ್ಲಿ ಮತ್ತೆ ಯಾಕೆ ಅಂತ ಕೇಳಬಹುದು. ಅಲ್ಲಿ ಸರಿಹೋದದ್ದು ಇಲ್ಲೂ ಸರಿಹೋಗುತ್ತೆ ಅಂತ ಹೇಳೋಕಾಗಲ್ಲ. ಹುಟ್ಟಿದಾಗ ಮೆದುಳಿಗೆ ಆಕ್ಸಿಜನ್ ಸಿಗದ ಕೂಸುಗಳ ಮೈಯನ್ನು ಮೂರು ದಿನ ತಂಪು ಮಾಡಿ ಇಡುವ ಚಿಕಿತ್ಸೆ ಇದೆ. ಶ್ರೀಮಂತ ದೇಶಗಳಲ್ಲಿ ಅದು ಜೀವ ಉಳಿಸಿದೆ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಕೂಸುಗಳಲ್ಲಿ ನೋಡಿದರು, ‘ಹೀಲಿಕ್ಸ್’ ಅಂತ, 2021ರಲ್ಲಿ ಬಂತು. ತಂಪು ಮಾಡಿದವರಲ್ಲಿ ನೂರಕ್ಕೆ 42 ಸತ್ತವು, ಮಾಡದವರಲ್ಲಿ 31. ನಾನು ಅದನ್ನು ಓದಿದ ದಿನ ನಮ್ಮ ವಾರ್ಡಲ್ಲಿ ಒಂದು ಕೂಸು ಕೂಲಿಂಗ್‌ನಲ್ಲೇ ಇತ್ತು. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯ್ತು.

ಆಫ್ರಿಕಾದ ‘ಫೀಸ್ಟ್’ ಸ್ಟಡಿಯೂ ಹಾಗೇ. ಜ್ವರ ಬಂದು ಕೈಕಾಲು ತಣ್ಣಗಾದ ಮಗುವಿಗೆ ಡ್ರಿಪ್ ಜೋರಾಗಿ ಬಿಡು ಅಂತಲೇ ನಾವೆಲ್ಲ ಕಲಿತಿದ್ದು. ಕೀನ್ಯಾ, ಉಗಾಂಡ, ಟಾಂಜಾನಿಯಾದ 3141 ಮಕ್ಕಳಲ್ಲಿ ನೋಡಿದಾಗ, ಜೋರಾಗಿ ಬಿಟ್ಟವರಲ್ಲಿ 48 ಗಂಟೆಯೊಳಗೆ ನೂರಕ್ಕೆ 10.5 ಸಾವು, ಬಿಡದವರಲ್ಲಿ 7.3. 2011ರಲ್ಲಿ ಸ್ಟಡಿಯನ್ನು ಮುಗಿಯುವ ಮುಂಚೆಯೇ ನಿಲ್ಲಿಸಿದರು.

ಈಗ ನೀವು ಕೇಳಬೇಕಾದ್ದು. ಮಗುವಿಗೆ ಹೃದಯದ ತೊಂದರೆ, ಶ್ವಾಸಕೋಶದ ಬಿಪಿ, ತಲೆಗೆ ಪೆಟ್ಟು ಇಂಥದ್ದೇನಾದರೂ ಇದ್ದರೆ ಸೇರಿಸಲ್ಲ ತಾನೇ? ಕಪ್ಪು ಮೈಬಣ್ಣದವರಲ್ಲಿ ಪ್ರೋಬ್ ಕೆಲವೊಮ್ಮೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ಹಾಗಾಗಿ ರಕ್ತದ ಗ್ಯಾಸ್ (ರಕ್ತ ತೆಗೆದು ಆಕ್ಸಿಜನ್ ಅಳೆಯುವ ಟೆಸ್ಟ್) ಎಷ್ಟು ಸಲ ನೋಡ್ತೀರಿ ಅಂತ ಕೇಳಿ. ಸಿಟಿಆರ್‌ಐ (ಇಂಥ ಸ್ಟಡಿಗಳ ಸರ್ಕಾರಿ ನೋಂದಣಿ ಪಟ್ಟಿ) ನಂಬರ್ ಕೇಳಿ, 2009ರಿಂದ ಇಂಥ ಸ್ಟಡಿಗಳೆಲ್ಲ ಅಲ್ಲಿ ನೋಂದಣಿ ಆಗಲೇಬೇಕು, ಫೋನಲ್ಲೇ ಹುಡುಕಿ ಓದಬಹುದು. ಎಥಿಕ್ಸ್ ಕಮಿಟಿಯವರ (ಸ್ಟಡಿ ನ್ಯಾಯವಾಗಿದೆಯಾ ಅಂತ ನೋಡುವ ಸಮಿತಿ) ಫೋನ್ ನಂಬರ್ ಫಾರ್ಮ್‌ನಲ್ಲಿ ಇರಬೇಕು. ಸ್ಟಡಿಯಿಂದಲೇ ತೊಂದರೆಯಾದರೆ ಅದರ ಚಿಕಿತ್ಸೆ ಅವರ ಖರ್ಚು, ಆ ಸಾಲೂ ಇರಬೇಕು. ನಾಳೆ ಮನಸ್ಸು ಬದಲಾದರೆ ಕಾರಣ ಹೇಳದೆ ಹೊರಗೆ ಬರಬಹುದು. ಇದು ಪಿಜಿ ಹುಡುಗರ ಥೀಸಿಸ್ಸಾ ಅಂತಲೂ ಕೇಳಿ. ಹೌದು ಅಂದರೆ ತಪ್ಪೇನಿಲ್ಲ, ನಾನೂ ಮಾಡಿದ್ದೇ, ಆದರೆ ರಾತ್ರಿ ಎರಡು ಗಂಟೆಗೆ ಜವಾಬ್ದಾರಿ ಇರುವ ದೊಡ್ಡ ಡಾಕ್ಟರ್ ಯಾರು ಅಂತ ಹೆಸರು ಬರೆದುಕೊಳ್ಳಿ.

ಅರಸೀಕೆರೆ_ಮಾವ:

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟ್ರು ಬರೆದಿದ್ದನ್ನ ಹಾಗೇ ಭಾವನಿಗೆ ವಾಟ್ಸಾಪ್ ಮಾಡಿದೆ, ಅವರು ಒಂದೊಂದೇ ಓದಿ ಕೇಳಿದರಂತೆ. ಗ್ಯಾಸ್ ವಿಷಯ ಕೇಳಿದಾಗ ಆ ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತು ಮಾತಾಡಿದರಂತೆ, ಅಲ್ಲಿವರೆಗೂ ನಿಂತೇ ಇದ್ದರು. ಸಿಟಿಆರ್‌ಐನಲ್ಲಿ ನಾನೇ ನೋಡಿದೆ, ಇದೆ. ಒಂಬತ್ತೂವರೆಗೆ ಅಕ್ಕನೇ ಸಹಿ ಹಾಕಿದಳು. ಅಮ್ಮನಿಗೆ ಇನ್ನೂ ಹೇಳಿಲ್ಲ.

ರಾತ್ರಿಪಾಳಿ_ಸಿಸ್ಟರ್:

ಯಾವ ಗುಂಪು ಬಂತು? ಅಕ್ಕ ಬೆಳಿಗ್ಗೆಯಿಂದ ಏನಾದರೂ ತಿಂದಿದ್ದಾರಾ? ಮಾನಿಟರ್ ಮುಂದೆ ಕೂರೋಕೆ ಬಿಡಬೇಡಿ.

ಅರಸೀಕೆರೆ_ಮಾವ:

ಕಡಿಮೆ ಗುಂಪು. ಈಗ 91 ಇದೆ. ಎರಡು ಇಡ್ಲಿ ತಿಂದಳು. ಅಲ್ಲಿನ ಸಿಸ್ಟರೂ ನಿಮ್ಮ ಹಾಗೇ ಹೇಳಿ ಮಾನಿಟರನ್ನು ಆ ಕಡೆಗೆ ತಿರುಗಿಸಿದರಂತೆ. ಅಕ್ಕ ಎದ್ದು ಸ್ಟೂಲ್ ಎತ್ತಿಕೊಂಡು ಆ ಕಡೆಗೇ ಹೋಗಿ ಕೂತಿದ್ದಾಳೆ.