ಟಿ-ಸ್ಲಾಟ್: ಸೀಳೋ, ತೋಡೋ?

ಎಲ್ಲರಿಗೂ ನಮಸ್ಕಾರ.

ಮನೆಯ ಪುಟ್ಟ ಮಿಲ್ಲಿಂಗ್ ಮಷೀನಿನಲ್ಲಿ (ತಿರುಗುವ ಕಟ್ಟರಿನಿಂದ ಲೋಹ ಕೊರೆಯುವ ಯಂತ್ರ) ಅಲ್ಯುಮಿನಿಯಂ ಪ್ಲೇಟಿಗೆ ಟಿ-ಸ್ಲಾಟ್, ಅಂದರೆ ಬೋಲ್ಟಿನ ತಲೆ ಒಳಗೆ ಸಿಕ್ಕಿ ನಿಲ್ಲುವಂಥ ಉದ್ದನೆಯ ಕೊರೆತ, ಹೊಡೆಯುವುದು ಹೇಗೆ ಅಂತ ಹೊಸಬರಿಗಾಗಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಸ್ಲಾಟ್‌ಗೆ ‘ಸೀಳು’ ಅಂತ ಹಾಕಿ, ಲೇತ್ ಕೆಲಸ ಮಾಡುವ ಟರ್ನರ್ ಗೆಳೆಯನಿಗೆ ಓದಲು ಕೊಟ್ಟೆ. ‘ತಳದಲ್ಲಿ 16 ಮಿ.ಮೀ. ಸೀಳು’ ಅನ್ನುವಲ್ಲಿಗೆ ಬಂದವನೇ, "ಪ್ಲೇಟ್ ಬಿರುಕು ಬಿಟ್ಟಿದ್ಯೇನೋ? ಬಿಸಾಕಿ ಬೇರೆ ತಗೋ" ಅಂದ.

ಅವನದೇನೂ ತಪ್ಪಿಲ್ಲ. ನಾವು ಸೀಳುವುದು ಸೌದೆಯನ್ನು. ‘ಕಚ್ಚು’ ಅನ್ನೋಣವೆಂದರೆ ಅದು ಅಂಚಿಗೆ ಹಾಕುವಂಥದ್ದು, ಪ್ಲೇಟಿನ ಉದ್ದಕ್ಕೂ ಓಡುವುದಿಲ್ಲ. ಉಳಿದದ್ದು ‘ತೋಡು’. ಕರಾವಳಿಯವರಿಗೆ ಅದು ನೀರು ಹರಿಯುವ ಕಿರುಹಳ್ಳ. ಉದ್ದವೂ ಇದೆ, ತಳವೂ ಇದೆ. ಸದ್ಯಕ್ಕೆ ನನ್ನ ಒಲವು ಇದರ ಕಡೆಗೆ.

ತೊಡಕಿರುವುದು ‘ಟಿ’ಯಲ್ಲಿ. ಅಡ್ಡ ಕೊಯ್ದು ನೋಡಿದರೆ ಆ ಅಕ್ಷರ ತಲೆಕೆಳಗಾಗಿ ನಿಂತಿರುತ್ತದೆ. ಮೊದಲು 8 ಮಿ.ಮೀ. ಎಂಡ್‌ಮಿಲ್‌ನಿಂದ (ತುದಿಯಲ್ಲೂ ಬದಿಯಲ್ಲೂ ಹಲ್ಲಿರುವ ಕಟ್ಟರ್) ನೇರ ತೋಡು. ಆಮೇಲೆ 16 ಮಿ.ಮೀ. ವ್ಯಾಸದ, ಸಣ್ಣ ಕತ್ತಿನ ಟಿ-ಕಟ್ಟರನ್ನು ಪ್ಲೇಟಿನ ತುದಿಯಿಂದ ಒಳಗೆ ನುಗ್ಗಿಸಬೇಕು. ಅದು ಒಳಗೇ ಹುದುಗಿ ಕೊರೆಯುವುದರಿಂದ ಚೂರುಗಳಿಗೆ ಹೊರಬರಲು ದಾರಿಯಿಲ್ಲ. ಅಲ್ಯುಮಿನಿಯಂ ಬೇರೆ, ಬಿಸಿಯಾದರೆ ಹಲ್ಲಿಗೇ ಮೆತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಬಿಡುತ್ತ, ಬೆರಳಗಲಕ್ಕೊಮ್ಮೆ ಮಷೀನ್ ನಿಲ್ಲಿಸಿ ಬ್ರಷ್ಷಿನಿಂದ ಗುಡಿಸದಿದ್ದರೆ ಕಟ್ಟರಿನ ಕತ್ತು ಲಟಕ್ಕನೆ ಮುರಿಯುತ್ತದೆ. ನನ್ನದು ಒಂದು ಹಾಗೇ ಹೋಯಿತು.

ಈ ಒಳಗಿನ ಅಗಲ ಭಾಗಕ್ಕೆ ವರ್ಕ್‌ಶಾಪಿನಲ್ಲಿ ಅಂಡರ್‌ಕಟ್ ಅನ್ನುತ್ತಾರೆ. ನಾನು ಮಡಕೆಯ ಲೆಕ್ಕದಲ್ಲಿ ಮೇಲಿನದಕ್ಕೆ ‘ಬಾಯಿ’, ಒಳಗಿನದಕ್ಕೆ ‘ಹೊಟ್ಟೆ’, ಬೋಲ್ಟಿನ ತಲೆಯನ್ನು ತಡೆದು ಹಿಡಿಯುವ ಎರಡು ಅಂಚುಗಳಿಗೆ ‘ತುಟಿ’ ಎಂದಿದ್ದೇನೆ. ಬಾಯಿ 8, ಹೊಟ್ಟೆ 16. ಟರ್ನರ್‌ಗೆ ತಟ್ಟನೆ ಅರ್ಥವಾಯಿತು. ಹಾಗಾದರೆ ಇಡೀ ಟಿ-ಸ್ಲಾಟನ್ನು ‘ಹೊಟ್ಟೆತೋಡು’ ಅನ್ನಬಹುದೇ? ನಗೆಪಾಟಲಾಗುತ್ತದೆಯೇ?

ಕ್ರಿಯಾಪದದ್ದೂ ಒಂದು ಕೇಳಬೇಕು. ಮಿಲ್ಲಿಂಗ್ ಅಂದಕೂಡಲೇ ಗಿರಣಿ, ಅರೆಯುವುದು ಅಂತ ಬರೆದರೆ ಅಲ್ಯುಮಿನಿಯಮ್ಮನ್ನು ಒರಳಿಗೆ ಹಾಕಿದಂತಾಗುತ್ತದೆ. ಕೆಲಸಗಾರರ ಬಾಯಲ್ಲಿ ಎಲ್ಲವೂ ‘ಹೊಡಿ’: ತೂತು ಹೊಡಿ, ಥ್ರೆಡ್ ಹೊಡಿ, ಸ್ಲಾಟ್ ಹೊಡಿ. ಅಚ್ಚಿನಲ್ಲೂ ಅದನ್ನೇ ಇಡುವುದು ಸರಿ ಅಂತ ನನಗನ್ನಿಸುತ್ತದೆ. ‘ತೋಡು ತೋಡು’ ಅಂತ ಬರೆಯುವ ಪೇಚೂ ತಪ್ಪುತ್ತದೆ.

ಬಾಗಿಲಿನ ಹಲಗೆ ಕೂರಿಸಲು ಆಚಾರ್ರು ಚೌಕಟ್ಟಿನ ಒಳಮೈಯಲ್ಲಿ ಉದ್ದಕ್ಕೆ ಕೊರೆಯುತ್ತಾರಲ್ಲ, ಅದಕ್ಕೆ ನಿಮ್ಮ ಕಡೆ ಏನಂತಾರೆ? ನಿಘಂಟಿನದು ಬೇಡ. ಉಳಿ ಹಿಡಿದವರಿಂದ ಕೇಳಿದ್ದಿದ್ದರೆ ಊರಿನ ಹೆಸರಿನ ಸಮೇತ ತಿಳಿಸಿ.