ಪುಟ್ಟಿ, ಇವತ್ತು ರಾತ್ರಿ ದುಡ್ಡು ಕಟ್ಟಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಕನ್ನಡಕ ಸಿಗುತ್ತಿಲ್ಲ, ಅದಕ್ಕೆ ಮೈಕ್ ಒತ್ತಿಕೊಂಡು ಮಾತಾಡುತ್ತಿದ್ದೇನೆ. ಫೋನ್ ಏನು ಬರೆದುಕೊಳ್ಳುತ್ತದೋ ಅದೇ. ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ.

"ಕೆಲಸ ಬಿಡದೆ ಎಂಬಿಎ ಮಾಡಲಾ, ಎಂಟೆಕ್ ಮಾಡಲಾ, ಆನ್‌ಲೈನ್ ಎಂಬಿಎಯವರು ಒಂದೇ ಸಮನೆ ಫೋನ್ ಮಾಡುತ್ತಿದ್ದಾರೆ, ಇವತ್ತು ರಾತ್ರಿ 12ರ ಒಳಗೆ ಕಟ್ಟಿದರೆ 20 ಸಾವಿರ ಕಡಿಮೆ ಅಂತೆ, ಭಯ ಆಗುತ್ತಿದೆ, ಯಾರಾದರೂ ಹೇಳಿ" ಅಂತ ಬೆಳಗ್ಗೆ ಕೇಳಿದ್ದೀಯ. ಗುಂಪಿನಲ್ಲಿ ಇಷ್ಟು ಜನ ಇದ್ದಾರೆ. ಬಂದಿದ್ದು ಮೂರು ಹೆಬ್ಬೆರಳು, ತಿಪಟೂರಿನ ಭಾವನಿಂದ ಒಂದು ಗಣಪತಿ ಫೋಟೊ. ಸರಿ, ನಾನೇ ಹೇಳುತ್ತೇನೆ.

ಇವತ್ತು ರಾತ್ರಿ ಒಂದು ರೂಪಾಯಿನೂ ಕಟ್ಟಬೇಡ. ರಾತ್ರಿ 12ಕ್ಕೆ ಮುಗಿದುಹೋಗುವ ಓದು ಯಾವುದೂ ಇಲ್ಲ. ನಾಳೆ ಅದೇ ಹುಡುಗಿ ಫೋನ್ ಮಾಡಿ, ಮ್ಯಾನೇಜರ್ ಹತ್ತಿರ ಮಾತಾಡಿದೆ ಮೇಡಂ, ನಿಮಗೋಸ್ಕರ ಇನ್ನೆರಡು ದಿನ ಕೊಟ್ಟಿದ್ದಾರೆ ಅನ್ನುತ್ತಾಳೆ ನೋಡುತ್ತಿರು.

ನನ್ನ ಎಂಬಿಎ ಕಥೆ ನಿಮಗೆಲ್ಲ ಗೊತ್ತು. ಪುಟ್ಟಿ ಆಗ ಪ್ರೈಮರಿ ಸ್ಕೂಲು, ಅವಳಿಗೆ ನೆನಪಿರುವುದು ಹಾಲ್‌ನಲ್ಲಿದ್ದ ಫ್ರೇಮ್ ಮಾತ್ರ. 2007ರಲ್ಲಿ ನಾನು ಪೀಣ್ಯದಲ್ಲಿ ಅಕೌಂಟ್ಸ್‌ನಲ್ಲಿದ್ದೆ. ಬಿಕಾಂ ಇಟ್ಟುಕೊಂಡು ಎಷ್ಟು ವರ್ಷ ವೋಚರ್ ಬರೆಯುವುದು ಅಂತ ಅನಿಸಿತ್ತು. ನಿಮ್ಮ ಮಾವ ಇಗ್ನೋಗೆ ಸೇರು ಅಂದರು, ಕೇಂದ್ರ ಸರ್ಕಾರದ ದೂರಶಿಕ್ಷಣ ವಿಶ್ವವಿದ್ಯಾಲಯ ಅದು. ಆಗ ಇಗ್ನೋ ಎಂಬಿಎಗೆ ಓಪನ್‌ಮ್ಯಾಟ್ ಅಂತ ಪ್ರವೇಶ ಪರೀಕ್ಷೆ ಇತ್ತು. ಅಷ್ಟು ವರ್ಷ ಆದ ಮೇಲೆ ಮತ್ತೆ ಗಣಿತ, ಇಂಗ್ಲಿಷು ಅಂತ ಯಾರು ಕೂರುತ್ತಾರೆ? ನನಗೆ ಸೋಮಾರಿತನ, ಸುಳ್ಳು ಯಾಕೆ ಹೇಳಲಿ. ರಾಜಾಜಿನಗರದಲ್ಲಿ ಬಸ್ಸಿನಿಂದ ಇಳಿಯುವ ಜಾಗದಲ್ಲೇ ಒಂದು ಬೇಕರಿ, ಅದರ ಮೇಲೆ ಬೋರ್ಡು. ಯಾವುದೋ ಹೊರ ರಾಜ್ಯದ ವಿಶ್ವವಿದ್ಯಾಲಯದ ಸ್ಟಡಿ ಸೆಂಟರು. ಪ್ರವೇಶ ಪರೀಕ್ಷೆ ಇಲ್ಲ, ಕ್ಲಾಸ್ ಇಲ್ಲ, ಭಾನುವಾರ ಪರೀಕ್ಷೆ, ಸರ್ಕಾರದ ಮಾನ್ಯತೆ ಇದೆ ಅಂತ ಗೋಡೆ ಮೇಲೆ ಒಂದು ಜೆರಾಕ್ಸ್. ಆ ಜೆರಾಕ್ಸನ್ನು ನಾನು ಓದಲಿಲ್ಲ ನೋಡು. ಸೀಲು ಇತ್ತು, ಸಾಕು ಅಂದುಕೊಂಡೆ. ಒಟ್ಟು 48 ಸಾವಿರ. ಚೀಟಿ ಎತ್ತಿ ಕಟ್ಟಿದೆ.

ಎರಡು ವರ್ಷ ಪುಟ್ಟಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಓದುತ್ತಿದ್ದೆ, ಆರಕ್ಕೆ ಅನ್ನಕ್ಕಿಡಬೇಕು. ಪರೀಕ್ಷೆ ಒಂದು ಹೈಸ್ಕೂಲಿನಲ್ಲಿ, ಏಳನೇ ಕ್ಲಾಸಿನ ಮಕ್ಕಳ ಬೆಂಚು, ಮಂಡಿ ಹಿಡಿಸುತ್ತಿರಲಿಲ್ಲ. ಫಸ್ಟ್ ಕ್ಲಾಸ್ ಬಂತು. ಮಾರ್ಕ್ಸ್ ಕಾರ್ಡಿಗೆ ಫ್ರೇಮ್ ಹಾಕಿಸಿದೆವು.

2012ರಲ್ಲಿ ಕಂಪನಿಯಲ್ಲಿ ಅಕೌಂಟ್ಸ್ ಮ್ಯಾನೇಜರ್ ಜಾಗ ಖಾಲಿಯಾಯಿತು. ನನ್ನ ಸರದಿ. ಸರ್ಟಿಫಿಕೇಟ್ ಪರಿಶೀಲನೆಗೆ ಕಳಿಸಿದರು. ಒಂದೂವರೆ ತಿಂಗಳ ಮೇಲೆ ಎಚ್‌ಆರ್‌ನವನು ಕರೆದು ಬಾಗಿಲು ಹಾಕಿಕೊಂಡ. ಆಗಲೇ ಹೊಟ್ಟೆಯಲ್ಲಿ ಏನೋ ಆಯಿತು. ವಿಶ್ವವಿದ್ಯಾಲಯ ನಿಜವಾದದ್ದೇ ಮೇಡಂ, ಆದರೆ ನೀವು ಸೇರಿದ ವರ್ಷ ಅವರ ಈ ಕೋರ್ಸಿಗೆ ದೂರಶಿಕ್ಷಣ ಕೌನ್ಸಿಲಿನ ಒಪ್ಪಿಗೆ ಇರಲಿಲ್ಲ, ಅವರು ತಮ್ಮ ರಾಜ್ಯ ಬಿಟ್ಟು ಇಲ್ಲಿ ಸೆಂಟರ್ ಇಡುವಂತೆಯೂ ಇರಲಿಲ್ಲ ಅಂದ. ಆಗ ಈ ಒಪ್ಪಿಗೆ ಕೊಡುತ್ತಿದ್ದದ್ದು ದೆಹಲಿಯಲ್ಲಿ ಇಗ್ನೋದ ಕೆಳಗಿದ್ದ ಕೌನ್ಸಿಲ್, 2013ರಲ್ಲಿ ಅದನ್ನು ಮುಚ್ಚಿ ಆ ಕೆಲಸವನ್ನು ಯುಜಿಸಿಗೆ, ಅಂದರೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗಕ್ಕೆ, ವಹಿಸಿದರು. ಇದೆಲ್ಲ ನಾನು ಕಲಿತದ್ದು ಆಮೇಲೆ. ಆ ಜಾಗ ಯಾರಿಗೆ ಹೋಯಿತು ಗೊತ್ತಲ್ಲ, ನಾನೇ ಟ್ಯಾಲಿ ಕಲಿಸಿದ ಹುಡುಗನಿಗೆ. ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ.

ಅದೇ ಸಂಜೆ ರಾಜಾಜಿನಗರಕ್ಕೆ ಹೋದೆ. ಬೋರ್ಡು ಇಲ್ಲ. ಮೇಲೆ ಬ್ಲೌಸ್ ಹೊಲಿಯುವವರು ಬಂದಿದ್ದರು. ಬೇಕರಿಯವನು, ನೀವು ನಾಲ್ಕನೆಯವರು ಅಕ್ಕ ಈ ತಿಂಗಳು, ಅಂತ ಹೇಳಿ ಎರಡು ಖಾರ ಬನ್ ಕಟ್ಟಿಕೊಟ್ಟ. ದುಡ್ಡು ತಗೊಳ್ಳಲಿಲ್ಲ. ಅಳು ಬಂದಿದ್ದು ಆವಾಗ.

ಅದಕ್ಕೇ ಹೇಳುತ್ತಿದ್ದೇನೆ, ಇವತ್ತು ರಾತ್ರಿ ದುಡ್ಡು ಕಟ್ಟಬೇಡ. ವಿಶ್ವವಿದ್ಯಾಲಯದ ಹೆಸರು ದೊಡ್ಡದು ಅಂತ ಕಟ್ಟಬೇಡ. ಹೆಸರು ನನ್ನದೂ ದೊಡ್ಡದೇ ಇತ್ತು. ಆ ಕೋರ್ಸಿಗೆ, ಆ ವರ್ಷಕ್ಕೆ ಒಪ್ಪಿಗೆ ಇದೆಯಾ ಅನ್ನುವುದೇ ಪ್ರಶ್ನೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ದಾವಣಗೆರೆ ಅತ್ತಿಗೆ ಗುಂಪಿನಲ್ಲೇ ಇದ್ದಾರೆ, ಓದಿಕೊಳ್ಳಲಿ. 2008ರಲ್ಲಿ ಅವರ ಮಗಳ ಸೀಮಂತದ ದಿನವೇ ನನಗೆ ಪರೀಕ್ಷೆ ಬಂತು. ನಾನು ಮೊದಲೇ ಫೋನ್ ಮಾಡಿ ಹೇಳಿದ್ದೆ. ಆಗಲಿ ಬಿಡು, ಓದು ಮುಖ್ಯ ಅಂದರು. ಆಮೇಲೆ ನೋಡಿದರೆ ನನಗೆ ಅಂತ ತೆಗೆದಿಟ್ಟಿದ್ದ ಸೀರೆಯನ್ನು ಪಕ್ಕದ ಮನೆಯವರಿಗೆ ಉಡಿಸಿ ಕಳಿಸಿದ್ದಾರೆ. ಸೀರೆ ಹಾಳಾಗಲಿ, ನನಗೇನು ಸೀರೆ ಇಲ್ಲವಾ? ಅವತ್ತಿನಿಂದ ಇವತ್ತಿನವರೆಗೆ ಯಾವ ಮನೆಯ ಕಾರ್ಯಕ್ಕೆ ಹೋದರೂ "ಎಂಬಿಎ ಮೇಡಂ ಬಂದರು, ಕುರ್ಚಿ ಹಾಕಿ" ಅನ್ನುವುದು. ಹೋದ ತಿಂಗಳ ಗೃಹಪ್ರವೇಶದಲ್ಲೂ ಅಂದರು, ಊಟದ ಪಂಕ್ತಿಯಲ್ಲಿ, ಹೊಸ ಬೀಗರ ಮುಂದೆ. ಅದೇ ನಮ್ಮ ದೊಡ್ಡಣ್ಣ ಸಿಎ ಅಂತ ಏಳು ವರ್ಷ ಕೋಣೆ ಬಾಗಿಲು ಹಾಕಿಕೊಂಡು ಓದಿದ. ಒಂದು ಮದುವೆಗೂ ಬರಲಿಲ್ಲ. ಅವನಿಗೆ ಬಾಗಿಲಿಗೇ ಕಾಫಿ ಹೋಗುತ್ತಿತ್ತು, ಮಗು ಓದುತ್ತಿದೆ ಸದ್ದು ಮಾಡಬೇಡಿ ಅಂತ. ಕಾಫಿ ತಗೊಂಡು ಹೋಗುತ್ತಿದ್ದವಳು ನಾನೇ. ಅವನನ್ನು ಯಾರೂ ಸಿಎ ಸಾರ್ ಅಂತ ಆಡಿಕೊಳ್ಳಲಿಲ್ಲ, ಸಿಎ ಆಗಲೂ ಇಲ್ಲ, ಇರಲಿ. ಹೆಂಗಸು ಓದಿ ಮೋಸಹೋದರೆ ಹದಿನೈದು ವರ್ಷ ನಗುತ್ತಾರೆ. ಪುಟ್ಟಿ, ನೀನು ಭಾನುವಾರ ಪರೀಕ್ಷೆ ಇದೆ ಅಂತ ನಾಮಕರಣಕ್ಕೆ ಬರದಿದ್ದರೆ ನಾನು ಏನೂ ಅನ್ನುವುದಿಲ್ಲ, ಈಗಲೇ ಹೇಳುತ್ತಿದ್ದೇನೆ, ಎಲ್ಲರೂ ಸಾಕ್ಷಿ.

ಅಯ್ಯೋ, ನೀನು ಕೇಳಿದ್ದು ಎಂಬಿಎನಾ ಎಂಟೆಕ್ಕಾ ಅಂತ. ಮರೆತೇಬಿಟ್ಟೆ.

ಮೊದಲು ಯುಜಿಸಿಯ ದೂರಶಿಕ್ಷಣ ಬ್ಯೂರೋ ವೆಬ್‌ಸೈಟಿಗೆ ಹೋಗು, ಡೆಬ್ ಅನ್ನುತ್ತಾರೆ. ಫೋನ್ ಮಾಡುತ್ತಿರುವವರು ಕಳಿಸಿದ ಲಿಂಕ್ ಒತ್ತಬೇಡ, ನೀನೇ ಹುಡುಕಿ ಹೋಗು. ಅಲ್ಲಿ ವಿಶ್ವವಿದ್ಯಾಲಯ, ಕೋರ್ಸು, ಆನ್‌ಲೈನಾ ದೂರಶಿಕ್ಷಣವಾ ಅನ್ನುವುದು, ಜನವರಿ ಬ್ಯಾಚಾ ಜುಲೈ ಬ್ಯಾಚಾ ಅನ್ನುವುದು, ನಾಲ್ಕೂ ಕೂಡಬೇಕು. ಮೂರು ಕೂಡಿ ಒಂದು ತಪ್ಪಿದರೂ ಬೇಡ. 2024ರಿಂದ ಇಂಥ ಕೋರ್ಸಿಗೆ ಸೇರುವವರು ಡೆಬ್ ಐಡಿ ಮಾಡಿಕೊಳ್ಳಬೇಕು, ಅದನ್ನೂ ನೀನೇ ಮಾಡು, ಓಟಿಪಿ ಯಾರಿಗೂ ಹೇಳಬೇಡ. ಫೀಸು ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು. ನಿನಗೆ ಫೋನ್ ಮಾಡುತ್ತಿರುವುದು ವಿಶ್ವವಿದ್ಯಾಲಯ ಅಲ್ಲ, ಮಧ್ಯದ ಆ್ಯಪ್ ಕಂಪನಿ, ಅಲ್ವಾ? ಅಂಥ ಕಂಪನಿಗಳ ಹೆಸರಲ್ಲಿ ಪದವಿ ಮಾರುವಂತಿಲ್ಲ ಅಂತ ಯುಜಿಸಿ 2022ರಲ್ಲೇ ಎಚ್ಚರಿಸಿದೆ. ಒಪ್ಪಿಗೆ ಸರಿಯಾಗಿದ್ದರೆ ಹೆದರುವುದು ಬೇಡ, ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಓದಿದ್ದಕ್ಕೆ ಸಮ ಅಂತಲೂ ಅದೇ ವರ್ಷ ಅವರೇ ಹೇಳಿದ್ದಾರೆ.

ಎಂಟೆಕ್ ಆದರೆ ಇನ್ನೂ ಜಾಸ್ತಿ ಹುಷಾರು. ಎಂಜಿನಿಯರಿಂಗನ್ನು ದೂರಶಿಕ್ಷಣದಲ್ಲಿ ಹೇಗೆ ಬೇಕೋ ಹಾಗೆ ಕೊಡುವಂತಿಲ್ಲ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು, ಅಂದರೆ ಸರ್ಕಾರ ವಿಶ್ವವಿದ್ಯಾಲಯದ ದರ್ಜೆ ಕೊಟ್ಟ ಸಂಸ್ಥೆಗಳು, ಹಾಗೆ ಕೊಟ್ಟಿದ್ದ ಡಿಗ್ರಿಗಳನ್ನು 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹಿಡಿದು ನಿಲ್ಲಿಸಿತು. ಕೆಲವರು ಮತ್ತೆ ಪರೀಕ್ಷೆ ಬರೆಯಬೇಕಾಯಿತು, ಉಳಿದವರ ಡಿಗ್ರಿ ರದ್ದು. ಪೇಪರ್ ಓದಿ ನಿಮ್ಮ ಮಾವ, ನೋಡು ನಿನಗೆ ಜೊತೆ ಸಿಕ್ಕಿತು ಅಂದರು. ಕೆಲಸದಲ್ಲಿರುವವರಿಗೆ ಅಂತಲೇ ನಮ್ಮ ಐಐಎಸ್‌ಸಿಯಲ್ಲಿ ಆನ್‌ಲೈನ್ ಎಂಟೆಕ್ ಇದೆ, ಕಂಪನಿ ಸ್ಪಾನ್ಸರ್ ಮಾಡಬೇಕು. ಬಿಟ್ಸ್ ಪಿಲಾನಿಯದು ಇದೆ, ನಾಲ್ಕು ಸೆಮಿಸ್ಟರು. ಮ್ಯಾನೇಜ್‌ಮೆಂಟೇ ಬೇಕು ಅಂದರೆ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ವಾರಾಂತ್ಯದ್ದು, ದುಬಾರಿ. ಕಡಿಮೆ ದುಡ್ಡಿಗೆ ಇಗ್ನೋ, ನಾನು ಅವತ್ತೇ ಸೇರಬೇಕಿದ್ದ ಇಗ್ನೋ.

ನನ್ನನ್ನು ಕೇಳಿದರೆ ನಿನಗೆ ಎಂಟೆಕ್. ನೀನು ಮೂರು ವರ್ಷದಿಂದ ಟೆಸ್ಟಿಂಗ್‌ನಲ್ಲಿದ್ದೀಯ, ಬೇಜಾರು ಕೆಲಸದ ಮೇಲೆ, ಎಂಜಿನಿಯರಿಂಗ್ ಮೇಲಲ್ಲ. ದೀಪಾವಳಿಗೆ ಬಂದಾಗ ಅರ್ಧ ರಾತ್ರಿಯವರೆಗೆ ಆ ಡೇಟಾದ್ದು ಏನೋ ಕುಟ್ಟುತ್ತಾ ಕೂತಿದ್ದೆಯಲ್ಲ, ಎಂಬಿಎ ಬೇಕಿದ್ದವರು ಹಾಗೆ ಕೂರುವುದಿಲ್ಲ. ಸೋಮವಾರ ಎಚ್‌ಆರ್‌ಗೆ ಮೇಲ್ ಹಾಕು, ಬಾಯಲ್ಲಿ ಕೇಳಬೇಡ. ಯಾವ ಡಿಗ್ರಿಯನ್ನು ಒಪ್ಪುತ್ತೀರಿ, ಫೀಸು ಕೊಡುತ್ತೀರಾ, ಕೊಟ್ಟರೆ ಎಷ್ಟು ವರ್ಷ ಬಿಡುವಂತಿಲ್ಲ ಅಂತ ಕೇಳಿ ಉತ್ತರ ಬರೆಸಿಕೋ. ಕೆಲಸ ಬಿಡುವ ಮಾತು ಈಗ ಬೇಡ.

ಆ ಕೋರ್ಸಿನ ಹೆಸರು, ವಿಶ್ವವಿದ್ಯಾಲಯದ ಹೆಸರು ನನಗೆ ಕಳಿಸು, ಕನ್ನಡಕ ಸಿಕ್ಕ ಮೇಲೆ ನಾನೂ ಡೆಬ್‌ನಲ್ಲಿ ನೋಡುತ್ತೇನೆ. ಗುಂಪಿಗೆ ಹಾಕಬೇಡ, ನನಗೊಬ್ಬಳಿಗೇ ಕಳಿಸು. ಇಲ್ಲಿ ಹಾಕಿದರೆ ಭಾವ ಅದಕ್ಕೂ ಕೈ ಮುಗಿಯುತ್ತಾರೆ.